ಬೂಷ್ಟಕ್ಕನ ಸ್ಕೇಲು
ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಿಗಳ ಕಫದಿಂದ, ರಕ್ತದಿಂದ ಬಂದ ಬೂಷ್ಟನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅದು ಯಾವ ಔಷಧಿಗೆ ಸಾಯುತ್ತದೆಂದು ನೋಡುವುದೇ ಇಪ್ಪತ್ತು ವರ್ಷದ ಕಸುಬಾದ್ದರಿಂದ ಅವಳು ಎಲ್ಲರ ಬಾಯಲ್ಲೂ ಬೂಷ್ಟಕ್ಕ. ಮನೆಯ ಬ್ರೆಡ್ಡಿನ ಮೇಲೆ ಹಸಿರು ಕಂಡರೂ ಎಸೆಯುವ ಮೊದಲು ಕನ್ನಡಕ ಹುಡುಕುತ್ತಾಳೆ. "ತಿನ್ನೋದಾ, ಬಿಸಾಕೋದಾ, ಒಂದು ಹೇಳ್ಬಿಡು" ಎಂದು ಗಂಡ ಗೊಣಗುತ್ತಾನೆ. ತಟ್ಟೆಯಲ್ಲಿ ಔಷಧಿ ಹೀರಿದ ಐದು ಕಾಗದದ ಬಿಲ್ಲೆಗಳನ್ನಿಟ್ಟು ಕಾಯುತ್ತಾಳೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಬೂಷ್ಟಿಲ್ಲದ ಬಯಲು ಮೂಡುತ್ತದೆ. ಅದನ್ನು ಮಗಳ ಹಳೆಯ ಸ್ಕೇಲಿನಿಂದ ಅಳೆಯುತ್ತಾಳೆ. ಈಚೀಚೆಗೆ ಬೂಷ್ಟು ಬಿಲ್ಲೆಯ ಮೇಲೇ ಹತ್ತಿ ಕೂತಿರುತ್ತದೆ. ಆದರೂ ಸ್ಕೇಲು ಇಟ್ಟು ನೋಡದೆ ಸೊನ್ನೆ ಬರೆದವಳಲ್ಲ. ವಾರ್ಡಿನ ಡಾಕ್ಟರು ಫೋನಿನಲ್ಲಿ ಎಷ್ಟೇ ಗೋಗರೆಯಲಿ, ಉತ್ತರ ಒಂದೇ: "ಮೂರು ದಿನ ಬೇಕು ಸರ್. ಅದು ಬೆಳೀದೆ ನಾನೇನ್ ಹೇಳ್ಲಿ?" ಎರಡನೇ ದಿನ ಫೋನು ನಿಂತರೆ, ರೋಗಿ ಹೋದನೆಂದು ಕೇಳದೆಯೇ ತಿಳಿದುಕೊಳ್ಳುತ್ತಾಳೆ, ತಟ್ಟೆಯನ್ನು ಮಾತ್ರ ಮೂರನೇ ದಿನ ನೋಡಿಯೇ ತೀರುತ್ತಾಳೆ. ಸ್ವಂತ ತಂಗಿ ಅದೇ ವಾರ್ಡಿನಲ್ಲಿ ಮಲಗಿ, "ಏನಾದ್ರೂ ಗೊತ್ತಾಯ್ತಾ ಅಕ್ಕ?" ಎಂದಾಗಲೂ, "ಇನ್ನೊಂದು ದಿನ ತಡಿ, ಬೆಳೀಲಿ" ಎಂದಿದ್ದಳು. ಆ ಸಂಜೆಯೇ ತಂಗಿ ತೀರಿಕೊಂಡಳು. ಮಾರನೆಯ ದಿನ ಎಲ್ಲ ಮುಗಿಸಿ ನೇರ ಲ್ಯಾಬಿಗೆ ಬಂದ ಬೂಷ್ಟಕ್ಕ, ಯಾವ ಔಷಧಿಯೂ ನಾಟದೇ ಇರಲಪ್ಪ ಎಂದು ಜೀವಮಾನದಲ್ಲಿ ಮೊದಲ ಸಲ ಬೇಡಿಕೊಳ್ಳುತ್ತ ತಂಗಿಯ ತಟ್ಟೆ ತೆರೆದಳು. ತಂಗಿಗೆ ಯಾರೂ ಕೊಡದಿದ್ದ ನಾಲ್ಕನೆಯ ಔಷಧಿಯ ಬಿಲ್ಲೆಯ ಸುತ್ತ ಇಪ್ಪತ್ತೆಂಟು ಮಿಲಿಮೀಟರ್ ಬಯಲು ಮೂಡಿತ್ತು.