ಸಾರವಾಡದ ದಾರಿಯಲ್ಲಿ ಹಾರಿದ ಜಮಖಾನೆ

ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಬಬಲೇಶ್ವರದ ನಮ್ಮ ವಾಡೆಯ ಪೆಟ್ಟಿಗೆಗಳಲ್ಲಿ ಮಡಚಿಟ್ಟ ಜಮಖಾನೆಗಳಿಗೆಲ್ಲ ಅದೇ ವಾಸನೆ. ಇನಾಮು ಭೂಮಿ ಹೋಗಿತ್ತು, ಗೋಷಾ ಮಾತ್ರ ಹೋಗಿರಲಿಲ್ಲ. ದೇಸಾಯರ ಸೊಸೆಯ ಮುಖ ಹೊರಗಿನವರು ನೋಡಬಾರದು ಎಂಬ ಅಜ್ಜಿಯ ಕಟ್ಟಳೆಗೆ ಸರ್ಕಾರದ ಯಾವ ಕಾಯಿದೆಯೂ ನಾಟುತ್ತಿರಲಿಲ್ಲ. ಕಣ್ಣು ಮಂಜಾಗಿದ್ದರೂ ಕಾಕಾನ ಹೆಂಡತಿ ಚಿಗವ್ವನ ಸೆರಗು ಒಂದು ಬೆರಳು ಸರಿದರೆ ಆಕೆಗೆ ಕಾಣುತ್ತಿತ್ತು.

ಅರವತ್ತೈದರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತೆಂದು ರೇಡಿಯೋ ಹೇಳಿತು. ಅದರ ಹಿಂದೆಯೇ ಫೌಜಿನಲ್ಲಿದ್ದ ಕಾಕಾನ ತಂತಿ ಬಂತು. ಗಡಿಗೆ ಹೊರಟ ಅವನ ಗಾಡಿ ಮಧ್ಯಾಹ್ನ ವಿಜಾಪುರ ಸ್ಟೇಷನ್ನಿನಲ್ಲಿ ನಿಲ್ಲುವುದಿತ್ತು. ಹೆಂಡತಿಯನ್ನು ಕರೆತನ್ನಿ ಎಂದಿದ್ದ. ಮದುವೆಯಾಗಿ ವರ್ಷ ತುಂಬದ ಚಿಗವ್ವ ಕ್ಷಣದಲ್ಲಿ ತಯಾರಾದಳು. ಜೀಪಿಗೆ ಪರದೆಯಿಲ್ಲವೆಂದು ಅಜ್ಜಿ ಪಟ್ಟು ಹಿಡಿದು ಕೂತಳು. ಡ್ರೈವರ್ ಹುಸೇನಸಾಬ ಜಮಖಾನೆ ತಂದು ಜೀಪಿನ ಸುತ್ತ ಹಗ್ಗ ಬಿಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

"ಅತ್ತಿಯವರ, ಸೆರಗು ಹೊತ್ಕೊಂಡು ಕುಂದರ್ತೇನ್ರಿ. ಹೋಗೂಣ್ರಿ," ಎಂದಳು ಚಿಗವ್ವ.

"ಬಜಾರದಾಗ ಹಾದು ಹೋಗಬೇಕು. ಮಂದಿ ಏನಂದಾರು? ಸುಮ್ಕಿರು," ಎಂದಳು ಅಜ್ಜಿ.

ಅಂತೂ ನನ್ನನ್ನೂ ಹತ್ತಿಸಿಕೊಂಡು ಹೊರಟರು. ಸಾರವಾಡ ದಾಟುತ್ತಲೇ ಜಮಖಾನೆ ಗಾಳಿಗೆ ಹಾರಿ ಸಜ್ಜೆಯ ಹೊಲದಲ್ಲಿ ಬಿತ್ತು. ಅಜ್ಜಿ ಜೀಪು ನಿಲ್ಲಿಸಿದಳು. ಆ ಬಯಲಿನಲ್ಲಿ ಚಿಗವ್ವನ ಮುಖ ನೋಡಲು ಇದ್ದದ್ದು ಎಮ್ಮೆಗಳು ಮಾತ್ರ. ಆದರೂ ಅದನ್ನು ಹೆಕ್ಕಿ ತಂದು, ಮುಳ್ಳು ಬಿಡಿಸಿ, ಮತ್ತೆ ಕಟ್ಟಬೇಕಾಯಿತು. ಅಜ್ಜಿಯನ್ನು ಅಲ್ಲೇ ಇಳಿಸಿ ಹೋಗಬೇಕಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ನಾವು ಮುಟ್ಟಿದಾಗ ಗಾಡಿ ಹೋಗಿತ್ತು. "ಫೌಜಿ ಸಾಹೇಬ್ರೊಬ್ರು ಬಾಗಲದಾಗ ನಿಂತು ಇತ್ಲಾಗನ ನೋಡಾಕತ್ತಿದ್ರರಿ," ಎಂದ ಅಲ್ಲಿದ್ದ ಹಮಾಲ. ಕಾಕಾ ಆ ಯುದ್ಧದಿಂದ ತಿರುಗಿ ಬರಲಿಲ್ಲ. ಮುಂದೆ ವಾಡೆಯೂ ಬಿತ್ತು, ಅದರ ಕಲ್ಲುಗಳು ಯಾರ್ಯಾರದೋ ಮನೆಯ ಪಾಯ ಸೇರಿದವು. ಅಜ್ಜಿಯೂ ಇಲ್ಲ, ಚಿಗವ್ವನೂ ಇಲ್ಲ. ಆ ಮಧ್ಯಾಹ್ನ ಖಾಲಿ ಹಳಿಗಳ ಮುಂದೆ ನಿಂತು, ದನಿ ಏರಿಸದೆ, ಚಿಗವ್ವ ಅಜ್ಜಿಗೆ ಹೇಳಿದ್ದು ಮಾತ್ರ ನನ್ನ ಕಿವಿಯಲ್ಲಿ ಉಳಿದಿದೆ.

"ಅತ್ತಿಯವರ, ನನ್ನ ಮಾರಿ ಯಾರೂ ನೋಡಲಿಲ್ಲರಿ. ಅವರೂ ನೋಡಲಿಲ್ಲ."