ಅನುಮಾನಪ್ಪ ಕಂಪನಿ ಬದಲಿಸಿದ್ದು

ಬೀಗ ರಿಪೇರಿಯವನಿಗೆ ಅನುಮಾನಪ್ಪ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಸಂಜೆ ಅಂಗಡಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗುತ್ತಿದ್ದ, ತಿರುಗಿ ಬಂದು ಜಗ್ಗಿ ನೋಡುತ್ತಿದ್ದ. ಬೀದಿಯ ತಿರುವಿನವರೆಗೆ ಹೋಗಿ ಮತ್ತೊಮ್ಮೆ ಬರುತ್ತಿದ್ದ. ಎದುರಂಗಡಿಯ ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿ ಕೆಣಕುತ್ತಿದ್ದ. "ಬೀಗ ಮಾಡಿದೋನು ಯಾರೋ, ಹಾಕಿದೋನು ನೀನು. ಯಾರ ಮೇಲಪ್ಪ ನಿಂಗೆ ಡೌಟು?"

"ಇಬ್ಬರ ಮೇಲೂ" ಎನ್ನುತ್ತಿದ್ದ ಅನುಮಾನಪ್ಪ, ನಗದೆ.

ಅವನ ಅಂಗಡಿ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಒಬ್ಬ ಕೂತರೆ ಇನ್ನೊಬ್ಬ ಹೊರಗೇ ನಿಲ್ಲಬೇಕು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಹಲ್ಲಿಲ್ಲದ ಬೀಗದ ಕೈಗಳು. ಮೂವತ್ತು ವರ್ಷ ಕಂಡವರ ಬಾಗಿಲು ತೆರೆದವನಿಗೆ ಲೋಕದಲ್ಲಿ ಯಾವ ಬಾಗಿಲೂ ಗಟ್ಟಿಯಾಗಿ ಕಾಣುವುದಿಲ್ಲ. ಅದಕ್ಕೇ ಅವನು ಒಂದು ಪದ್ಧತಿ ಇಟ್ಟುಕೊಂಡಿದ್ದ. ಯಾರಾದರೂ ನಕಲಿ ಕೈ ಮಾಡಿಸಲು ಬಂದರೆ ಎಲ್ಲ ಹಲ್ಲನ್ನೂ ಅಂಗಡಿಯಲ್ಲೇ ಅರದಿಂದ ಉಜ್ಜಿ ತೆಗೆಯುತ್ತಿದ್ದ, ಕೊನೆಯ ಹಲ್ಲನ್ನು ಮಾತ್ರ ಬೇಕೆಂದೇ ತಪ್ಪು ಅಳತೆಗೆ ಬಿಡುತ್ತಿದ್ದ. ಆ ಕೈ ಬೀಗದೊಳಗೆ ಹೋಗುತ್ತದೆ, ತಿರುಗುವುದಿಲ್ಲ. ಆಮೇಲೆ ತಾನೇ ಆ ಮನೆಗೆ ಹೋಗಿ, ಒಳಗಿನವರು ಕೈ ಮಾಡಿಸಲು ಬಂದವರನ್ನು ಗುರುತು ಹಿಡಿದರೆ, ಬಾಗಿಲ ಮುಂದೆಯೇ ಎರಡು ಸಲ ಅರ ಆಡಿಸಿ ಸರಿಮಾಡಿ ಕೊಡುತ್ತಿದ್ದ. ಕಳ್ಳನ ಕೈಗೆ ತಾನು ಕೈ ಮಾಡಿಕೊಟ್ಟ ಎಂಬ ಮಾತು ಇವತ್ತಿನವರೆಗೂ ಬಂದಿಲ್ಲ ಎಂಬುದು ಅವನ ಹೆಮ್ಮೆ.

ಇನ್ನೊಂದು ಹೆಮ್ಮೆ ಅವನ ಫೋನ್ ನಂಬರು. ತಾನು ಮಾಡಿದ ಪ್ರತಿ ಕೈಯ ತಲೆಯ ಮೇಲೆ ಉಕ್ಕಿನ ಅಚ್ಚಿಟ್ಟು, ಸುತ್ತಿಗೆಯಿಂದ ಹತ್ತು ಏಟು ಹೊಡೆದು ಹತ್ತು ಅಂಕಿ ಮೂಡಿಸುತ್ತಿದ್ದ. ಇಪ್ಪತ್ತು ವರ್ಷದಿಂದ ಅದೇ ನಂಬರು. ಅರ್ಧ ಊರಿನ ಜೇಬಿನಲ್ಲಿ, ಸೊಂಟದಲ್ಲಿ, ಕೈಚೀಲದಲ್ಲಿ ಅದು ಗಿಲಿಗಿಲಿ ಅನ್ನುತ್ತಿತ್ತು. ಬೋರ್ಡಿಲ್ಲ, ಜಾಹೀರಾತಿಲ್ಲ. ಬಾಗಿಲು ಅಂಟಿಕೊಂಡಾಗ ಜನ ಕೈಯಲ್ಲಿರುವುದನ್ನೇ ಓದಿ ಫೋನ್ ಮಾಡುತ್ತಿದ್ದರು.

ಹಾಗಿರುವಾಗ ಒಂದು ಬೆಳಿಗ್ಗೆ ಮೇಲಿನ ಬೀದಿಯ ಟೀಚರಮ್ಮ ಬಂದು ಅವನ ಮೇಜಿನ ಮೇಲೆ ಬೀಗದ ಕೈಯನ್ನು ಟಣ್ಣೆಂದು ಎಸೆದರು.

"ಹನ್ನೊಂದು ಸಲ ಫೋನ್ ಮಾಡಿದ್ದೀನಿ ಕಣಯ್ಯಾ. ಒಳಗೆ ಒಲೆ ಉರೀತಾ ಇತ್ತು, ನಾನು ಬಾಗಿಲ ಹೊರಗೆ. ಹನ್ನೊಂದು ಸಲವೂ ಅದೇ ಹೆಂಗಸು, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ. ಕೊನೆಗೆ ಬಡಗಿ ಬಂದು ಬಾಗಿಲು ಒಡೆದ. ಯಾವ ದೇಶಕ್ಕೆ ಹೋಗಿದ್ದೆ?"

"ಇಲ್ಲೇ ಇದ್ದೆ ಅಮ್ಮಾ. ಈ ಸ್ಟೂಲ್ ಮೇಲೆ."

"ಇಲ್ಲೇ ಇದ್ದೂ ಹತ್ತದ ನಂಬರನ್ನ ಈ ಕೈ ಮೇಲೆ ಯಾಕೆ ಬಡಿದು ಕೊಟ್ಟೆ? ತಗೋ, ಹೊಸ ಬಾಗಿಲಿಗೆ ಬಡಗಿನೇ ಬೀಗ ಕೂರಿಸ್ತಾನಂತೆ."

ಅವರು ಹೋದ ಮೇಲೆ ಅನುಮಾನಪ್ಪ ಲೆಕ್ಕ ಹಾಕಿದ. ಒಬ್ಬರು ಬಾಯಿಬಿಟ್ಟು ಹೇಳಿದರು, ಹೇಳದೆ ಹೋದವರು ಎಷ್ಟು ಜನವೋ! ಆ ನಂಬರು ಬಡಿಯದಿದ್ದರೆ ಮೂವತ್ತು ವರ್ಷದ ಕೆಲಸವೂ ಮಣ್ಣುಪಾಲು. ಮೊದಲ ಅನುಮಾನ ಬಡಗಿಯ ಮೇಲೆ ಹೋಯಿತು. ಆದರೆ ಬಡಗಿಗೆ ಫೋನಿನಲ್ಲಿ ಹಸಿರು ಗುಂಡಿ ಯಾವುದು, ಕೆಂಪು ಯಾವುದು ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಅವಳ ಫೋನಿನಿಂದ ತನಗೇ ಕರೆ ಮಾಡಿಸಿದ. ಇಬ್ಬರ ನಡುವೆ ಒಂದು ಮಾರು ಜಾಗ. ಇಬ್ಬರದೂ ಒಂದೇ ಹಳೆ ಕಂಪನಿ. ಫೋನಿನೊಳಗಿನ ಆ ಹೆಂಗಸು ಅದೇ ಮಾತು ಹೇಳಿದಳು.

"ರೀ, ನೀವು ವ್ಯಾಪ್ತಿ ಪ್ರದೇಶದ ಹೊರಗಿದ್ದೀರಂತೆ" ಎಂದಳು ಹೆಂಡತಿ. "ನಂಗೇನೋ ಮೊದಲಿಂದ್ಲೂ ಗೊತ್ತಿತ್ತು."

ಒಂದು ಕಾಲದಲ್ಲಿ ಆ ಬೀದಿಯಲ್ಲಿ ಆರು ಕಂಪನಿಗಳು ಗ್ರಾಹಕರಿಗಾಗಿ ಕಚ್ಚಾಡುತ್ತಿದ್ದವು. ಒಬ್ಬ ದರ ಇಳಿಸಿದರೆ ಇನ್ನೊಬ್ಬ ಪುಕ್ಕಟೆ ಕೊಡುತ್ತಿದ್ದ. ಆಗ ಫೋನಿನ ಮೂಲೆಯ ಸಿಗ್ನಲ್ ಕಡ್ಡಿಗಳು ಯಾವಾಗಲೂ ತುಂಬಿರುತ್ತಿದ್ದವು. ಬರಬರುತ್ತಾ ಒಬ್ಬ ಮುಚ್ಚಿದ, ಒಬ್ಬನನ್ನು ಇನ್ನೊಬ್ಬ ನುಂಗಿದ. ಕೊನೆಗೆ ಉಳಿದದ್ದು ಎರಡು. ಅವತ್ತಿನಿಂದ ದರ ಏರಿತು, ಕಡ್ಡಿ ಇಳಿಯಿತು. ಎರಡೂ ಕಂಪನಿಯವರು ಒಂದೇ ವಾರದಲ್ಲಿ ಒಂದೇ ಅಳತೆಗೆ ದರ ಏರಿಸಿದಾಗ ಅನುಮಾನಪ್ಪ ಟೈಲರಿಗೆ ಹೇಳಿದ್ದ, "ಎರಡು ಬೀಗ ಒಂದೇ ಕೈಗೆ ತೆರೀತು ಅಂದ್ರೆ ಮಾಡಿದೋನು ಒಬ್ಬನೇ ಅಂತ ಅರ್ಥ."

"ನೀನು ನಿನ್ನ ನೆರಳಿಗೂ ರಸೀದಿ ಕೇಳ್ತೀಯ ಬಿಡು" ಅಂದಿದ್ದ ಟೈಲರ್.

ಬೀದಿಯ ತುದಿಯಲ್ಲಿ ಆ ಎರಡನೆಯ ಕಂಪನಿಯ ಬಣ್ಣದ ಕೊಡೆ, ಕೊಡೆಯ ಕೆಳಗೆ ಒಬ್ಬ ಹುಡುಗಿ ಇದ್ದಳು. ಅವಳ ಕಂಪನಿಯ ಕಡ್ಡಿಗಳು ಆ ಬೀದಿಯಲ್ಲಿ ತುಂಬಿರುವುದನ್ನು ಅನುಮಾನಪ್ಪ ಟೈಲರ್ ಫೋನಿನಲ್ಲಿ ಮೂರು ಹೊತ್ತು, ಮೂರು ಕಡೆ ನಿಂತು ನೋಡಿಕೊಂಡ. ಆಮೇಲೆ ಕೊಡೆಯ ಹತ್ತಿರ ಹೋದ.

"ನಂಬರು ಅದೇ ಇರುತ್ತಾ?"

"ಅದೇ ಇರುತ್ತೆ ಅಂಕಲ್. ಕಂಪನಿ ಮಾತ್ರ ಬೇರೆ."

"ಒಂದಂಕಿಯೂ ಆಚೀಚೆ ಆಗಲ್ಲ?"

"ಇಲ್ಲ ಅಂಕಲ್. ನೀವೊಂದು ಮೆಸೇಜ್ ಕಳಿಸಿ. ಹಳೇ ಕಂಪನಿಯಿಂದ ಎಂಟಕ್ಷರದ ಕೋಡ್ ಬರುತ್ತೆ. ನಾಲ್ಕು ದಿನದೊಳಗೆ ಅದನ್ನ ನಂಗೆ ಕೊಟ್ರೆ ಸಾಕು."

ಬೀದಿಯ ತುದಿಯಲ್ಲಿ ಹೇಗೋ ಒಂದು ಕಡ್ಡಿ ಸಿಕ್ಕಿ ಕೋಡು ಬಂತು. ಎಂಟು ಹಲ್ಲಿನ ಬೀಗದ ಕೈ ಇದ್ದ ಹಾಗಿತ್ತು ಅದು. ಇದನ್ನು ಕೊಟ್ಟವನು ತನ್ನ ನಂಬರನ್ನೇ ಕೊಟ್ಟ ಹಾಗೆ. ನಾಳೆ ಈ ಹುಡುಗಿ ಕೊಡೆ ಮಡಚಿಕೊಂಡು ಹೋದರೆ? ಊರಿನ ಬಾಗಿಲುಗಳೆಲ್ಲ ಯಾರದೋ ಫೋನಿಗೆ ಕರೆ ಮಾಡಿದರೆ? 'ಬಾಗಿಲು ತೆರೀಬೇಕಾ, ಬಂದೆ' ಎಂದು ಯಾರೋ ಗೊತ್ತಿಲ್ಲದವನು ಹೊರಟರೆ? ಇಡೀ ದಿನ ಫೋನನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಕೂತ.

ಮರುದಿನ ಹೋಗಿ, ಚೀಟಿಯಲ್ಲಿ ಎಂಟು ಅಕ್ಷರವನ್ನೂ ಬರೆದುಕೊಟ್ಟ. ಕೊನೆಯ ಅಂಕಿ ಎಂಟು ಇತ್ತು. ಅವನು ಮೂರು ಎಂದು ಬರೆದ. ಹೊಸ ಸಿಮ್ಮು ಕೈಗೆ ಬಂದು, ಫೋನಿಗೆ ಕೂತು, ಎಲ್ಲ ಸರಿಯಿದೆ ಎಂದು ಕಂಡ ಮೇಲೆ ಕೊನೆಯ ಅಂಕಿಯನ್ನು ಎದುರಿಗೇ ನಿಂತು ತಿದ್ದಿಕೊಟ್ಟರಾಯಿತು ಎಂಬುದು ಅವನ ಲೆಕ್ಕ. ಹುಡುಗಿ ಹೆಬ್ಬೆರಳು ಒತ್ತಿಸಿಕೊಂಡು, ಫೋಟೋ ತೆಗೆದುಕೊಂಡು, ಹೊಸ ಸಿಮ್ಮನ್ನು ಕೊಟ್ಟು, "ಇದು ಶುರುವಾಗೋಕೆ ಎರಡು ದಿನ ಅಂಕಲ್" ಎಂದಳು. ಅನುಮಾನಪ್ಪ ಗೆದ್ದವನಂತೆ ಮನೆಗೆ ಬಂದ.

ಅದಾದ ಎರಡು ದಿನಕ್ಕೆ ಮೆಸೇಜು ಬಂತು. ಕೋರಿಕೆ ತಿರಸ್ಕೃತವಾಗಿದೆ.

ಅದರ ಬೆನ್ನಿಗೇ ಹಳೆ ಕಂಪನಿಯಿಂದ ಒಬ್ಬನ ಕರೆ. ಧ್ವನಿಯಲ್ಲಿ ಬೆಣ್ಣೆ ಸುರಿಯುತ್ತಿತ್ತು. "ಸಾರ್, ನಮ್ಮನ್ನ ಬಿಟ್ಟು ಹೋಗ್ತಿದ್ದೀರಂತೆ. ನಮ್ಮಿಂದ ಏನು ತಪ್ಪಾಯ್ತು ಸಾರ್? ಮೂರು ತಿಂಗಳು ಅರ್ಧ ದರ ಮಾಡಿಕೊಡ್ತೀವಿ."

"ಇಷ್ಟು ದಿನ ಬಾರದ ಫೋನು ಇವತ್ತು ಹೆಂಗಪ್ಪಾ ಬಂತು?"

ಅನುಮಾನಪ್ಪನಿಗೆ ಎಲ್ಲವೂ ಹೊಳೆಯಿತು. ಇವರಿಬ್ಬರೂ ಒಳಗೊಳಗೆ ಒಂದೇ. ಅವಳು ಕೋರಿಕೆ ಹಾಕಿದ ಹಾಗೆ ಮಾಡುತ್ತಾಳೆ, ಇವನು ತಿರಸ್ಕರಿಸುತ್ತಾನೆ. ಆಮೇಲೆ ಬೆಣ್ಣೆ. ಚಪ್ಪಲಿ ಮೆಟ್ಟಿಕೊಂಡು ಕೊಡೆಯ ಕಡೆ ಧಾವಿಸಿದ. ಗಲಾಟೆ ನೋಡಲು ಟೈಲರ್ ಅಳತೆಪಟ್ಟಿಯನ್ನು ಕೊರಳಲ್ಲಿ ಹಾಕಿಕೊಂಡೇ ಹಿಂದೆ ಬಂದ.

"ಯಾರ ಕಿವಿ ಮೇಲೆ ಹೂ ಇಡ್ತೀಯಮ್ಮಾ? ಅವನಿಗೂ ನಿಂಗೂ ಏನು ಒಪ್ಪಂದ?"

ಹುಡುಗಿ ಅಳುವುದೊಂದು ಬಾಕಿ. "ಒಪ್ಪಂದ ಇದ್ದಿದ್ರೆ ಈ ಬಿಸಿಲಲ್ಲಿ ಯಾಕೆ ನಿಲ್ತಿದ್ದೆ ಅಂಕಲ್? ನೋಡಿ ಇಲ್ಲಿ, ಕೋಡ್ ತಪ್ಪಾಗಿದೆ ಅಂತ ಬಂದಿದೆ. ಚೀಟಿ ನಿಮ್ಮದೇ ಅಕ್ಷರ. ನಿಮ್ಮ ಮೆಸೇಜ್ ಜೊತೆ ಹೋಲಿಸಿ ನೋಡೋಣ."

ಅನುಮಾನಪ್ಪ ಫೋನು ತೆಗೆಯಲಿಲ್ಲ. ಟೈಲರ್ ಚೀಟಿಯನ್ನು ಒಮ್ಮೆ, ಗೆಳೆಯನ ಮುಖವನ್ನು ಒಮ್ಮೆ ನೋಡಿದ. ನೋಡುತ್ತಾ ನೋಡುತ್ತಾ ಅವನ ಹೊಟ್ಟೆ ನಗುವಿಗೆ ಕುಲುಕತೊಡಗಿತು.

"ಅಯ್ಯೋ ಪುಣ್ಯಾತ್ಮ! ಇದಕ್ಕೂ ಕೊನೆ ಹಲ್ಲು ಬಿಟ್ಟಿದ್ದೀಯಾ?"

ಹುಡುಗಿಗೆ ಟೈಲರನೇ ಬಿಡಿಸಿ ಹೇಳಬೇಕಾಯಿತು. ಕೇಳಿದ ಮೇಲೆ ಅವಳು ಕೋಪ ಮಾಡಲಿಲ್ಲ, ಗಡಿಯಾರ ನೋಡಿದಳು. "ಅಂಕಲ್, ಇವತ್ತೇ ನಾಲ್ಕನೇ ದಿನ. ಸಂಜೆ ಆದ್ರೆ ಈ ಕೋಡ್ ಸತ್ತುಹೋಗುತ್ತೆ. ಮತ್ತೆ ಮೊದಲಿಂದ ಶುರು ಮಾಡ್ಬೇಕು. ಅಲ್ಲಿವರೆಗೂ ನಿಮ್ಮ ಫೋನು ಹೀಗೇ ಮೂಗನಾಗಿರುತ್ತೆ. ನಂಗೆ ಹೇಳ್ಬೇಡಿ, ತಗೊಳ್ಳಿ, ನೀವೇ ಒತ್ತಿ." ತನ್ನ ಫೋನನ್ನು ಅವನ ಕೈಗಿಟ್ಟು ಮುಖ ಆಚೆ ತಿರುಗಿಸಿ ನಿಂತಳು. ಟೈಲರಿಗೂ ಕಣ್ಣಿನಲ್ಲೇ ಹೇಳಿದಳು. ಅವನೂ ತಿರುಗಿದ.

ಮೂವತ್ತು ವರ್ಷದಲ್ಲಿ ಅವನೆದುರು ಎಷ್ಟೋ ಜನ ಬಾಗಿಲ ಮುಂದೆ ಹೀಗೆ ನಿಂತಿದ್ದರು, ಒಳಗೆ ಹೋಗಲಾರದೆ, ಅಪರಿಚಿತನ ಕೈಯನ್ನೇ ನಂಬಿಕೊಂಡು. ಇವತ್ತು ಆ ಜಾಗದಲ್ಲಿ ತಾನಿದ್ದ. ಮೂರನ್ನು ಅಳಿಸಿದ. ಎಂಟನ್ನು ಒತ್ತಿದ.

ಮೂರು ದಿನಕ್ಕೆ ನಂಬರು ಹೊಸ ಕಂಪನಿಗೆ ಹೋಯಿತು. ಅಂಗಡಿಯ ಸ್ಟೂಲಿನ ಮೇಲೆ, ಮೆಟ್ಟಿಲ ಕೆಳಗಿನ ಕತ್ತಲಲ್ಲಿ, ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಮೊದಲ ದಿನವೇ ನಾಲ್ಕು ಬಾಗಿಲು, ಒಂದು ಕಬ್ಬಿಣದ ಬೀರು.

ವಾರ ಕಳೆದ ಮೇಲೆ ಹಳೆ ಕಂಪನಿಯವನು ಮತ್ತೆ ಫೋನ್ ಮಾಡಿದ. "ಸಾರ್, ವಾಪಸ್ ಬನ್ನಿ. ನಿಮ್ಮ ಬೀದಿಯಿಂದ ಬಹಳ ಜನ ಬಿಟ್ಟಿದ್ದಾರೆ, ಅದಕ್ಕೇ ಅಲ್ಲಿನ ಟವರ್ ಸರಿಮಾಡಿಸಿದ್ವಿ."

ಅನುಮಾನಪ್ಪ ನಂಬಲಿಲ್ಲ. ಮನೆಗೆ ಹೋಗಿ ಹೆಂಡತಿಯ ಫೋನು ಕಸಿದು ನೋಡಿದ. ಅವಳು ಹಳೆ ಕಂಪನಿಯಲ್ಲೇ ಉಳಿದಿದ್ದವಳು. ಮೂಲೆಯಲ್ಲಿ ಕಡ್ಡಿಗಳು ತುಂಬಿದ್ದವು.

"ನೋಡಿದ್ರಾ?" ಎಂದಳು. "ಒದ್ದಾಡಿದ್ದು ನೀವು, ಕಡ್ಡಿ ಬಂದಿದ್ದು ನಂಗೆ."

ಅವನು ಎರಡೂ ಫೋನನ್ನು ಪಕ್ಕಪಕ್ಕ ಇಟ್ಟು ನೋಡಿದ. ಬಿಟ್ಟುಹೋಗುವವರು ಇರುವವರೆಗೆ ಮಾತ್ರ ಇವರು ಎಚ್ಚರವಾಗಿರುತ್ತಾರೆ. ಈಗ ತನ್ನನ್ನು ಹಿಡಿದುಕೊಂಡ ಹೊಸಬನೂ ನಾಳೆ ಗೊರಕೆ ಹೊಡೆಯುತ್ತಾನೆ.

"ನೀನು ಅಲ್ಲೇ ಇರು. ನಾನು ಇಲ್ಲಿರ್ತೀನಿ. ಒಬ್ಬ ಮಲಗಿದ್ರೆ ಇನ್ನೊಬ್ಬನ ಹತ್ರ ಓಡೋಣ. ಆಗಾಗ ಅವರಿಗೆ ಫೋನ್ ಮಾಡಿ, ಬಿಟ್ಟು ಹೋಗ್ತೀನಿ ಅಂತ ಹೆದರಿಸ್ತಾ ಇರು. ಹೋಗ್ಬೇಡ, ಹೆದರಿಸು ಅಷ್ಟೆ."

"ಮೂವತ್ತು ವರ್ಷದಿಂದ ನಿಮ್ಮನ್ನ ಹಾಗೇ ಹೆದರಿಸ್ತಾ ಇದ್ದೀನಲ್ಲಾ" ಎಂದಳು ಹೆಂಡತಿ. "ನಿಮ್ಮ ಟವರ್ ಯಾವತ್ತಾದ್ರೂ ಸರಿಹೋಯ್ತಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿಯಿತು. ಯಾರದೋ ಹಿಂಬಾಗಿಲು ಸಿಕ್ಕಿಹಾಕಿಕೊಂಡಿತ್ತು. ವಿಳಾಸವನ್ನು ಎರಡು ಸಲ ಹೇಳಿಸಿಕೊಂಡ, ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಕೇಳಿದ, ಅವರ ಕೈಗೆ ಫೋನ್ ಕೊಡಿ ಎಂದ. ಆಮೇಲೆ ಚೀಲ ಹೆಗಲಿಗೇರಿಸಿಕೊಂಡು ಹೊರಟ.