ಹೆಗಲ ಮೇಲೆ ಬಂದ ಎತ್ತುಗಳು

ಸೂರ್ಯ ಇನ್ನೂ ಮೂಡಿಲ್ಲ. ಹೂವಿನ ಹಿಪ್ಪರಗಿಯಾಚೆಯ ಹಳ್ಳದಲ್ಲಿ ಭೀಮಶ್ಯಾ ಬಂಡೆ ಏರುತ್ತಿದ್ದಾರೆ. ತಲೆಯ ಮೇಲೆ ಜೋಳದ ಕಣಿಕೆಯ ಹೊರೆ. ಎರಡಾಳೆತ್ತರದ ನೆಟ್ಟನೆಯ ಕಲ್ಲು ಅದು. ಹಿಡಿದುಕೊಳ್ಳಲು ಅಲ್ಲಲ್ಲಿ ಉಳಿಯಿಂದ ಕಡಿದ ಕಚ್ಚುಗಳು. ಅವರ ಎಡಗಾಲಿಗೆ ಮೂರೇ ಬೆರಳು. ಉಳಿದೆರಡನ್ನು ಲಡಾಖಿನ ಹಿಮ ತಿಂದುಹಾಕಿದೆ. ಮೇಲೆ ಬಂದವರು ಉಸಿರು ತೆಗೆದುಕೊಳ್ಳುವ ಮೊದಲೇ ಕೂಗುತ್ತಾರೆ: "ಜಮಾದಾರ! ಸುಭೇದಾರ!"

ಬನ್ನಿಗಿಡದ ಕೆಳಗೆ ಮಲಗಿದ್ದ ಎರಡು ಬಿಳಿ ಎತ್ತುಗಳು ಎದ್ದು ಓಡಿ ಬರುತ್ತವೆ. ಇನ್ನೇನು ಹೊರೆಗೆ ಬಾಯಿ ಹಾಕಬೇಕು, ಅಷ್ಟರಲ್ಲಿ ಭೀಮಶ್ಯಾ "ಥಮ್!" ಎನ್ನುತ್ತಾರೆ. ಎರಡೂ ಕಲ್ಲಿನಂತೆ ನಿಲ್ಲುತ್ತವೆ.

"ನಾ ಸಿಪಾಯಿ ಆಗಿ ಹೋದೆ, ಸಿಪಾಯಿ ಆಗೇ ಬಂದೆ. ಪ್ರಮೋಶನ್ ಇವಕ್ಕ ಕೊಟ್ಟೇನಿ ನೋಡ್ರಿ" ಎಂದು ಹಿಂದೆ ಹತ್ತಿ ಬಂದ ನನ್ನತ್ತ ತಿರುಗಿ ನಗುತ್ತಾರೆ.

ಈ ಎತ್ತುಗಳು ಊರು ನೋಡಿಲ್ಲ. ನಾಲ್ಕು ವರ್ಷದಿಂದ ಈ ನಾಲ್ಕು ಎಕರೆ ಬಿಟ್ಟು ಹೊರಗೆ ಒಂದು ಗೊರಸು ಇಟ್ಟಿಲ್ಲ. ಇಡಲು ದಾರಿಯೇ ಇಲ್ಲ.

ಭೀಮಶ್ಯಾ ಸೈನ್ಯದಲ್ಲಿ ಮಾಡಿದ್ದು ರಸ್ತೆ ಕೆಲಸ. ಹದಿನೈದು ವರ್ಷ ಹಿಮದ ನಾಡಿನಲ್ಲಿ ಗುಡ್ಡ ಒಡೆದು, ಬರೀ ಮೇಕೆ ನಡೆಯುತ್ತಿದ್ದ ಕಡೆ ಲಾರಿ ನಡೆಯುವಂತೆ ಮಾಡಿದರು. ೧೯೭೦ರಲ್ಲಿ ಮನೆಗೆ ಬಂದ ಮೇಲೆ ಮಾಜಿ ಸೈನಿಕರೆಂದು ಸರಕಾರ ಕೊಟ್ಟದ್ದು ಈ ಕಲ್ಲುನೆಲದ ಮಡ್ಡಿ ಹೊಲ. ಮೂರು ಕಡೆ ಬಸಂತರಾಯರ ಜಮೀನು, ನಾಲ್ಕನೆಯ ಕಡೆ ಈ ಹಳ್ಳದ ಬಂಡೆ. ನಕ್ಷೆಯಲ್ಲಿ ಹೊಲ ಉಂಟು, ಹೊಲಕ್ಕೆ ಹೋಗುವ ದಾರಿ ಇಲ್ಲ.

ಬಸಂತರಾಯರು ಊರಿನ ದೊಡ್ಡ ಹಿಡುವಳಿದಾರರು. ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ, ಬೇಸರವಿಲ್ಲದೆ ಮಾತಾಡುತ್ತಾರೆ. "ಹೊಲಾ ಸರಕಾರ ಕೊಟ್ಟೈತಿ, ದಾರಿನೂ ಸರಕಾರನ ಕೊಡ್ಲಿ. ನಾ ಏನ್ ಯುದ್ಧ ಮಾಡಂತ ಹೇಳಿದ್ನೇನು? ಆದ್ರೂ ಮನಶ್ಯಾರಿಗಿ ಬದುವಿನ ಮ್ಯಾಲ ಬಿಟ್ಟಿದ್ದೆ. ದನಾ ಮಾತ್ರ ಬ್ಯಾಡ ಅಂದಿದ್ದೆ. ಗೊರಸು ತುಳದ್ರ ಬದು ಉಳಿತೈತೇನು?"

ಅದೇ ಬದುವಿನ ಮೇಲೆ ಅವರ ಎತ್ತುಗಳು ದಿನಾ ನಡೆಯುತ್ತವೆ. ಅದನ್ನು ಎತ್ತಿ ಆಡುವವರು ಊರಲ್ಲಿ ಯಾರೂ ಇಲ್ಲ. ಕೇರಿಯವನಿಗೆ ಇಷ್ಟಾದರೂ ಸಿಕ್ಕಿದೆಯಲ್ಲ ಎನ್ನುವವರೇ ಹೆಚ್ಚು.

ಮೊದಲ ವರ್ಷ ಭೀಮಶ್ಯಾ ನೊಗಕ್ಕೆ ತಾವೇ ಹೆಗಲು ಕೊಟ್ಟರು, ಹೆಂಡತಿ ಯಲ್ಲವ್ವ ಹಿಂದೆ ಕುಂಟೆ ಹಿಡಿದರು. ಮರುವರ್ಷ ಸಿಂದಗಿ ಸಂತೆಯಲ್ಲಿ ಹಾಲು ಬಿಟ್ಟ ಎರಡು ಹೋರಿಗರು ಕೊಂಡು, ನಾಲ್ಕೂ ಕಾಲು ಕಟ್ಟಿ, ಒಂದೊಂದಾಗಿ ಹೆಗಲ ಮೇಲೆ ಹೊತ್ತುಕೊಂಡು ಆ ಬದುವಿನ ಮೇಲೆ ನಡೆದರು. ಬಸಂತರಾಯರ ಆಳುಗಳು ಕೆಲಸ ಬಿಟ್ಟು ನೋಡುತ್ತ ನಿಂತರು. ಒಬ್ಬ, "ಏನೋ ಭೀಮ್ಯಾ, ಕುರಿ ಅಂತ ತಿಳದಿಯೇನು?" ಎಂದು ಛೇಡಿಸಿದ.

"ದನದ ಗೊರಸು ನೆಲಾ ಮುಟ್ಟಬಾರ್ದು ಅಂದಾರ ಸಾವ್ಕಾರ್ರು. ಮುಟ್ಟಿಲ್ಲ, ಬೇಕಾದ್ರ ಹೆಜ್ಜಿ ನೋಡ್ಕೋರಿ ಅಂದೆ" ಎನ್ನುತ್ತಾರೆ ಭೀಮಶ್ಯಾ.

ಕರುಗಳು ಅಲ್ಲೇ ಮೇದು ಅಲ್ಲೇ ಬೆಳೆದವು. ಭೀಮಶ್ಯಾ ಅವಕ್ಕೆ ಕಲಿಸಿದ್ದು ತಮಗೆ ಗೊತ್ತಿದ್ದ ಫೌಜಿನ ಮಾತು. ಬೇರೆಯವರು ಹೋ ಎಂದರೂ ಹೈ ಎಂದರೂ ಅವು ಕಿವಿ ಅಲ್ಲಾಡಿಸುವುದಿಲ್ಲ. ಸಾಲು ತುದಿ ಮುಟ್ಟಿದಾಗ "ಪೀಛೆ ಮುಡ್" ಎಂದರೆ ಸಾಕು, ಹಗ್ಗ ಜಗ್ಗದೆಯೇ ತಿರುಗುತ್ತವೆ. ಸುತ್ತಲಿನ ಹಳ್ಳಿಗಳಲ್ಲಿ ಇಂಥ ಜೋಡಿ ಇನ್ನೊಂದಿಲ್ಲ. ಕಷ್ಟ ಶುರುವಾದದ್ದೂ ಅದರಿಂದಲೇ.

ಈ ವರ್ಷದ ಕಾರಹುಣ್ಣಿಮೆಯಂದು ಊರಿನ ಎತ್ತುಗಳೆಲ್ಲ ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು ಊರಬಾಗಿಲ ಅಗಸಿಯಲ್ಲಿ ಓಡುತ್ತಿದ್ದರೆ, ಭೀಮಶ್ಯಾ ಇಲ್ಲಿ ತಮ್ಮ ಎರಡಕ್ಕೆ ಬಣ್ಣ ಹಚ್ಚುತ್ತಿದ್ದರು. ಮಗಳು ಮರೆವ್ವ ಡಬ್ಬಿ ಹಿಡಿದು ನಿಂತಿದ್ದಳು. ಬಸಂತರಾಯರು ಅಲ್ಲಿಗೇ ಬಂದರು.

"ಭೀಮ್ಯಾ, ಈ ಜೋಡಿ ನನಗ ಕೊಡು. ನೀ ಕೇಳಿದಷ್ಟ ಕೊಡ್ತೇನಿ."

"ಕೊಟ್ರ ಹೆಂಗ ಒಯ್ತೀರಿ ಸಾವ್ಕಾರ್ರ? ದಾರಿ ಇಲ್ಲಲ್ರಿ."

"ಹುಚ್ಚ ಅದೀಯೇನು? ನನ್ನ ಎತ್ತು, ನನ್ನ ಬದು. ನಡಸ್ಕೊಂಡ ಒಯ್ತೇನಿ."

ಭೀಮಶ್ಯಾ ಬಣ್ಣದ ಕೈ ಒರೆಸಿಕೊಂಡರು. "ನಾ ಹೊತ್ತ ತಂದೇನ್ರಿ. ನೀವೂ ಹೊತ್ತ ಒಯ್ರಿ."

ಮರೆವ್ವ ಕಿಸಕ್ಕನೆ ನಕ್ಕುಬಿಟ್ಟಳು. ಹುಡುಗಿಯ ಆ ನಗುವೇ ಸಾವ್ಕಾರರಿಗೆ ನಟ್ಟಿತು ಎನ್ನುತ್ತಾರೆ ಯಲ್ಲವ್ವ. ಮರುದಿನ ಬೆಳಗಾಗುವಷ್ಟರಲ್ಲಿ ಬದುವಿನ ಎರಡೂ ತುದಿಗೆ ಜಾಲಿ ಮುಳ್ಳಿನ ಕಂಟಿ ಬಿದ್ದಿತ್ತು. ಈಗ ದನಕ್ಕಷ್ಟೇ ಅಲ್ಲ, ಮನುಷ್ಯರಿಗೂ ದಾರಿ ಇಲ್ಲ.

ಈ ಬಂಡೆಯ ಕಚ್ಚುಗಳನ್ನು ಕಡಿದದ್ದು ಆ ವಾರದಲ್ಲೇ. ಆಳು ಹತ್ತಬಹುದು, ಎತ್ತು ಇಳಿಯಲಾರದು. "ಒಂದೀಟು ಸಿಡಿಮದ್ದು ಸಿಕ್ರ ಮಧ್ಯಾಹ್ನದೊಳಗ ಎತ್ತ ಇಳಿಯೂ ಹಂಗ ಮಾಡ್ತಿದ್ದೆ" ಎಂದು ಭೀಮಶ್ಯಾ ಕಲ್ಲಿಗೆ ಅಂಗೈ ಬಡಿಯುತ್ತಾರೆ. "ಅಲ್ಲಿ ಪೆಟ್ಟಿಗಿಗಟ್ಲೆ ಮದ್ದ ಕೊಟ್ಟು ಒಡಿ ಅಂತಿದ್ರು. ಇಲ್ಲಿ ಅರ್ಜಿ ಕೊಟ್ರ, ಯಾರ ಮನಿ ಉಡಾಯಿಸಾವ ನೀನು ಅಂತ ಕೇಳಾಕ ಪೊಲೀಸ್ರು ಬಂದ್ರು. ದೇಶಾ ಒಂದ ಐತ್ರಿ, ನಾನೂ ಒಬ್ನೇ ಅದೇನಿ."

ಇನ್ನು ಉಳಿದದ್ದು ಮಳೆಯ ಮಾತು. ಹಳ್ಳ ಬಂದರೆ ತಿಂಗಳುಗಟ್ಟಲೆ ಬಂಡೆಯ ಬುಡ ನೀರಿನಲ್ಲಿ. ಎತ್ತುಗಳನ್ನು ಬಿಟ್ಟು ಆಚೆ ಉಳಿಯುವ ಹಾಗಿಲ್ಲ; ಎತ್ತಿಲ್ಲದೆ ಬಿತ್ತಿಗೆ ಇಲ್ಲ, ಬಿತ್ತಿಗೆ ಇಲ್ಲದೆ ಒಲೆ ಉರಿಯುವುದಿಲ್ಲ. ಹೆಂಡತಿ ಮಗಳನ್ನು ಇಲ್ಲಿಗೇ ಕರೆತಂದರೆ ಮರೆವ್ವನ ಶಾಲೆ ನಿಲ್ಲುತ್ತದೆ. ಹಾಗಾಗಿ ಮೊದಲ ನೀರು ಬಂದ ದಿನದಿಂದ ಭೀಮಶ್ಯಾ ಒಬ್ಬರೇ ಇಲ್ಲಿ ಇರುವುದೆಂದು ತೀರ್ಮಾನವಾಗಿದೆ. ಕಣಿಕೆಯ ಗುಡಿಸಲೂ ಎದ್ದಿದೆ.

ಮರೆವ್ವ ಅಪ್ಪನ ಮುಖವನ್ನು ಮೊದಲು ನೋಡಿದ್ದು ಎರಡು ವರ್ಷದವಳಾದಾಗ. ಯಾರೋ ಎಂದು ಹೆದರಿ ಅತ್ತಿದ್ದಳು. ಅದನ್ನು ಭೀಮಶ್ಯಾ ಮರೆತಿಲ್ಲ. ನೌಕರಿ ಬಿಟ್ಟು ಬಂದ ಮೇಲೆ ಒಂದು ಸಂಜೆಯೂ ದೀಪ ಹಚ್ಚುವ ಮೊದಲೇ ಮನೆ ಸೇರುವುದನ್ನು ತಪ್ಪಿಸಿಲ್ಲ. ಮಗಳ ತಲೆ ಬಾಚುವುದು, ಹೆಣೆಯುವುದು ಎಲ್ಲ ಅವರದೇ ಕೆಲಸ. ಕೇರಿಯ ಹೆಂಗಸರು ನಕ್ಕರೂ ಬಿಟ್ಟಿಲ್ಲ.

ಬುತ್ತಿ ತಂದ ಯಲ್ಲವ್ವ ಬಂಡೆಯ ಕೆಳಗೇ ಕೂತು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾರೆ. "ಹದಿನೈದು ವರ್ಷ ಬೀಗರ ಹಂಗ ಸೂಟಿ ಮ್ಯಾಲ ಬರ್ತಿದ್ದ ಮರೆವ್ವನಪ್ಪ. ಆಗ ಚೀನಾದವ್ರು ಅಡ್ಡ ಅದಾರ ಅಂತಿದ್ರು, ತಡಕೊಂಡೆ. ಈಗ ಯಾರ ಅಡ್ಡ ಅದಾರ ತಮ್ಮಾ? ನಮ್ಮ ಊರವ್ರ ಅಲ್ಲೇನು?"

"ಜಮಾದಾರನ್ನ ಕೇಳಿ ಸೂಟಿ ತೊಗೊಂಡ ಬಾ ಅಪ್ಪಾ" ಎಂದು ಮರೆವ್ವ ಕೆಳಗಿನಿಂದ ಕೂಗುತ್ತಾಳೆ. ಈ ಸಲ ಯಾರೂ ನಗುವುದಿಲ್ಲ.

ಸಜ್ಜೆ, ತೊಗರಿ ಬಿತ್ತಲು ಹೊಲ ಹಸನಾಗಿದೆ. ಪಶ್ಚಿಮದಲ್ಲಿ ಮೋಡ ಕಪ್ಪಾಗುತ್ತಿದೆ. ಏನಾಗಬೇಕು ನಿಮಗೆ ಎಂದರೆ ಭೀಮಶ್ಯಾ ಆ ಮೋಡದತ್ತ ಕೈ ತೋರಿಸುತ್ತಾರೆ.

"ದಾರಿ ಕೇಳೂದು ಬಿಟ್ಟೇನ್ರಿ. ಮಳಿ ಆಗ್ಲಿ. ಊರಾಗ ಎಲ್ಲಾರೂ ಮುಗಿಲ ನೋಡಾಕತ್ತಾರ, ನಾನೂ ನೋಡ್ತೇನಿ. ಖರೇ ಹೇಳ್ತೇನಿ ತಮ್ಮಾ, ಅವ್ರು ನೋಡಿ ಮನಿ ಒಳಗ ಹೋಗ್ತಾರ. ನಾ ಹಳ್ಳಾ ನೋಡ್ತೇನಿ, ಇವತ್ತ ಒಂದಿನಾ ಮನಿಗಿ ಹೋಗಬೌದೇನು ಅಂತ."